ಪಿನ್ ಬದಲಿಸಿದರೂ ಹೋಗದ ಕರಕರ: ಒಂದು ಯಕ್ಷಗಾನ ಮೇಳದ ಮೈಕ್ ಸೆಟ್ಟಿನ ಪ್ರಕರಣ

ಇದು ದಕ್ಷಿಣ ಕನ್ನಡ, ಉಡುಪಿ ಕಡೆ ತಿರುಗಾಟ ಮಾಡುವ ಯಕ್ಷಗಾನ ಮೇಳವೊಂದಕ್ಕೆ ಮೈಕ್ ಸೆಟ್ ಒದಗಿಸುವವರ ಪ್ರಕರಣ. ಮೇಳದ ಹೆಸರು, ಮಾಲೀಕರ ಹೆಸರು, ಊರು ಯಾವುದೂ ಇಲ್ಲಿಲ್ಲ. ಗುರುತು ಸಿಗುವಂಥ ಸಣ್ಣಪುಟ್ಟ ವಿವರಗಳನ್ನೂ ಬಿಟ್ಟಿದ್ದೇನೆ. ನಾನು ಇದರಲ್ಲಿ ಸೇರಿಕೊಂಡದ್ದು ರಿಪೇರಿಯವನಾಗಿ. ಆಡಿಯೋ ಪಿನ್ನುಗಳಲ್ಲಿ, ಅಂದರೆ ವೈರಿನ ತುದಿಗೆ ಹಾಕುವ ಕನೆಕ್ಟರುಗಳಲ್ಲಿ, ಯಾವುದು ಚೆನ್ನಾಗಿ ಕೇಳಿಸುತ್ತದೆ, ಯಾವುದು ಜಾಸ್ತಿ ಬಾಳುತ್ತದೆ ಎಂದು ಕೇಳುವವರು ತುಂಬಾ ಜನ. ಈ ಎರಡು ಪ್ರಶ್ನೆಗಳಿಗೆ ಉತ್ತರ ಬೇರೆ ಬೇರೆ ಕಡೆ ಸಿಗುತ್ತದೆ ಎನ್ನುವುದು ಈ ಕೆಲಸದಲ್ಲಿ ಚೆನ್ನಾಗಿ ಕಾಣಿಸಿತು.

ಸೆಟ್ಟು ಹೊಸದು, ವೈರು ಹಳೆಯದು

ಮೈಕ್ ಸೆಟ್ಟಿನ ಮಾಲೀಕರದ್ದು ತಂದೆಯ ಕಾಲದಿಂದ ಬಂದ ವ್ಯವಹಾರ. ಮೊದಲಿಗೆ ಒಂದು ಆಂಪ್ಲಿಫೈಯರ್, ನಾಲ್ಕು ಮೈಕು, ಎರಡು ಹಾರ್ನ್ ಇದ್ದವು. ಆಮೇಲೆ 16 ಚಾನೆಲಿನ ಮಿಕ್ಸರ್ ಬಂತು. ಎರಡು ಪವರ್ ಆಂಪ್ಲಿಫೈಯರ್, ದೊಡ್ಡ ಬಾಕ್ಸುಗಳು, ಹಿಮ್ಮೇಳಕ್ಕೆ ಮಾನಿಟರ್ ಎಲ್ಲ ಬಂದವು. ವೈರುಗಳು ಮಾತ್ರ ಅವೇ ಉಳಿದವು. ಮೈಕಿನ ಕಡೆ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್, ಇನ್ನೊಂದು ಕಡೆ ಪಿ-38 ಮೋನೋ. ಅಂಗಡಿಯಲ್ಲಿ ಪಿ-38 ಅನ್ನುವುದು 6.35 ಮಿಲಿಮೀಟರ್ ಜ್ಯಾಕಿಗೆ, ಗಿಟಾರಿಗೆ ಹಾಕುವಂಥದ್ದು. ಹಳೆ ಆಂಪ್ಲಿಫೈಯರಿಗೆ ಆ ತೂತೇ ಇತ್ತು. ಹೊಸ ಮಿಕ್ಸರಿನ ಮೈಕ್ ತೂತು ಎಕ್ಸ್‌ಎಲ್‌ಆರ್. ಹಾಗಾಗಿ ಪ್ರತಿ ವೈರಿನ ತುದಿಗೂ ಒಂದು ಕನ್ವರ್ಟರ್ ಸಿಗಿಸಿ ಕೆಲಸ ನಡೆಯುತ್ತಿತ್ತು.

ಮೇಳದ ತಿರುಗಾಟ ಸುಮಾರು ದೀಪಾವಳಿಯ ಆಚೀಚೆ ಶುರುವಾಗಿ ಪತ್ತನಾಜೆಗೆ, ಅಂದರೆ ಮೇ 24ರ ಹೊತ್ತಿಗೆ ಮುಗಿಯುತ್ತದೆ. ದಿನಕ್ಕೊಂದು ಊರು. ಸಂಜೆ ಕಟ್ಟಬೇಕು, ಆಟ ಮುಗಿದ ಮೇಲೆ ಬಿಚ್ಚಬೇಕು. ಆರು ತಿಂಗಳು ಎಂದರೆ ಹತ್ತಿರ ಹತ್ತಿರ 180 ರಾತ್ರಿ. ಒಳ್ಳೆಯ ಎಕ್ಸ್‌ಎಲ್‌ಆರ್ ಪಿನ್ನನ್ನು 1000ಕ್ಕೂ ಹೆಚ್ಚು ಸಲ ಹಾಕಿ ತೆಗೆಯಬಹುದು ಎಂದು ತಯಾರಕರೇ ಹೇಳುತ್ತಾರೆ. ಸ್ಟುಡಿಯೋದಲ್ಲಿ ಅದು ಒಂದು ಜೀವಮಾನಕ್ಕೆ ಸಾಕು. ಇಲ್ಲಿ ಐದಾರು ತಿರುಗಾಟಕ್ಕೆ ಆ ಲೆಕ್ಕ ಮುಗಿದುಹೋಗುತ್ತದೆ. ಅದರ ಮೇಲೆ ಕಡಲ ತೀರದ ಉಪ್ಪುಗಾಳಿ, ಗದ್ದೆಯ ಮಂಜು, ಕೈಯ ಬೆವರು. ಟೆಂಪೋದಲ್ಲಿ ವೈರಿನ ಕಟ್ಟಿನ ಮೇಲೆ ಬಾಕ್ಸು ಹೇರುವ ಅಭ್ಯಾಸ ಬೇರೆ.

ದೂರು

ಭಾಗವತರಿಂದ ಶುರುವಾಯಿತು. ಪದ್ಯ ಏರುವ ಹೊತ್ತಿಗೇ ಮೈಕು ಕರಕರ ಎನ್ನುತ್ತದೆ, ನಡುವೆ ಸ್ವರ ಕಡಿಯುತ್ತದೆ. ಇದರ ಜೊತೆಗೆ ಆಟ ಪೂರ್ತಿ ಹಿಂದೆ ಒಂದು ಗುಂಯ್ ಶಬ್ದ. ಒಂದೆರಡು ಸಲ ಒಂದು ಬದಿಯ ಬಾಕ್ಸುಗಳು ಇದ್ದಕ್ಕಿದ್ದಂತೆ ಮೌನವಾಗಿದ್ದವು.

“ಪಿನ್ ಬದಲಿಸಿ ಬದಲಿಸಿ ಸಾಕಾಯಿತು ಮಾರಾಯ್ರೆ, ಈ ಸಲ ಗೋಲ್ಡಿದ್ದೇ ತಂದು ಹಾಕಿದ್ದೇನೆ. ಆದರೂ ಹೀಗೆ” ಎಂದರು ಮಾಲೀಕರು.

ಮೂರು ಬೇರೆ ಬೇರೆ ತೊಂದರೆಗಳಿಗೆ ಅವರು ಒಂದೇ ಹೆಸರಿಟ್ಟಿದ್ದರು: ಪಿನ್ ಸರಿ ಇಲ್ಲ. ಹಾಗೆ ಅನ್ನಿಸುವುದು ಸಹಜವೇ. ಪಿನ್ ಅಲ್ಲಾಡಿಸಿದರೆ ಶಬ್ದ ಬದಲಾಗುತ್ತದಲ್ವಾ? ಆದರೆ ಈ ಒಂದು ಹೆಸರಿನಿಂದಾಗಿಯೇ ಆ ವರ್ಷದ ಅರ್ಧ ದುಡ್ಡು ತಪ್ಪು ಜಾಗಕ್ಕೆ ಹೋಯಿತು ಎಂದು ನನ್ನ ಅಂದಾಜು.

ಬಂಗಾರದ ಪಿನ್ನಿನ ಕಥೆ

ಹಿಂದಿನ ಮಳೆಗಾಲದಲ್ಲಿ ಅವರು ಎಲ್ಲ ವೈರಿಗೂ ಬಂಗಾರದ ಲೇಪದ ಪಿನ್ ಹಾಕಿಸಿದ್ದರು, ಹೆಸರಿಲ್ಲದ ಮಾಲು. ಮೊದಲ ಕೆಲವು ವಾರ ಧ್ವನಿ ಚೊಕ್ಕಟವಾಗಿತ್ತು. ಭಾಗವತರೇ ಚೆನ್ನಾಗಿದೆ ಎಂದಿದ್ದರು. ಹಾಗಾಗಿ ಬಂಗಾರದಿಂದ ಧ್ವನಿ ಸುಧಾರಿಸಿತು ಎಂಬ ನಂಬಿಕೆ ಗಟ್ಟಿಯಾಯಿತು. ಜನವರಿ ಹೊತ್ತಿಗೆ ಮತ್ತೆ ಕರಕರ.

ಅವರು ತಂದ ವೈರುಗಳ ಪಿನ್ನುಗಳನ್ನು ನಾನು ಒಂದೊಂದಾಗಿ ಬಿಚ್ಚಿದೆ. ಬಹುತೇಕ ಪಿನ್ನುಗಳಲ್ಲಿ ಕಡ್ಡಿ ಚೆನ್ನಾಗಿಯೇ ಇತ್ತು, ಹಿಂದಿನ ಬೆಸುಗೆ ಹೋಗಿತ್ತು. ವೈರನ್ನು ಹಿಡಿಯಬೇಕಾದ ತಗಡಿನ ಕ್ಲಿಪ್ಪು ಸಡಿಲ. ಹಾಗಾದರೆ ವೈರು ಎಳೆದಾಗಲೆಲ್ಲ ಭಾರ ಬೀಳುವುದು ಸೀದಾ ಬೆಸುಗೆಯ ಮೇಲೆ. ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೊನೆಗೆ ಎರಡು ಮೂರು ಎಳೆ ಉಳಿದಾಗ ಕರಕರ ಶುರು. ಇನ್ನು ಕೆಲವು ಪಿನ್ನುಗಳಲ್ಲಿ ಬೆಸುಗೆಯ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಕರಗಿ ಕಡ್ಡಿ ಓರೆಯಾಗಿತ್ತು. ಓರೆಯಾದ ಕಡ್ಡಿ ತೂತಿನ ಒಂದೇ ಬದಿಗೆ ಒತ್ತುತ್ತದೆ. ಕೆಲವು ತಿಂಗಳಲ್ಲಿ ಆ ತೂತಿನ ಸ್ಪ್ರಿಂಗೂ ಹಿಡಿತ ಕಳೆದುಕೊಳ್ಳುತ್ತದೆ.

ಅಂದರೆ ಮಳೆಗಾಲದ ನಂತರ ಧ್ವನಿ ಸರಿಯಾದದ್ದು ಬೆಸುಗೆ ಹೊಸದಾದ್ದರಿಂದ. ಹದಿನೈದು ರೂಪಾಯಿಯ ಪಿನ್ ಹಾಕಿದ್ದರೂ ಆ ಕೆಲವು ವಾರ ಅಷ್ಟೇ ಚೆನ್ನಾಗಿರುತ್ತಿತ್ತು. ಪಿನ್ ಬದಲಿಸುವಾಗ ಬೆಸುಗೆಯೂ ಬದಲಾಗುತ್ತದೆ, ಹಳೆ ವೈರಿನ ಕೊಳೆತ ತುದಿಯೂ ಕತ್ತರಿಸಿ ಹೋಗುತ್ತದೆ. ಹೊಗಳಿಕೆ ಮಾತ್ರ ಲೇಪಕ್ಕೆ ಸಿಗುತ್ತದೆ.

ಇನ್ನೊಂದು ವಿಚಾರ ಮೈಕ್ ಸೆಟ್ ಕಟ್ಟುವ ಹುಡುಗರನ್ನು ವಿಚಾರಿಸಿದಾಗ ಹೊರಬಂತು. ಕರಕರ ಬಂದಾಗ ಅವರು ಸ್ಯಾಂಡ್ ಪೇಪರ್ ತಗೊಂಡು ಕಡ್ಡಿ ಉಜ್ಜುತ್ತಿದ್ದರು. ಹಳೆ ಹಿತ್ತಾಳೆ ಪಿನ್ನಿಗೆ ಹಾಗೆ ಮಾಡಿ ಅಭ್ಯಾಸ. ಅಗ್ಗದ ಪಿನ್ನಿನ ಬಂಗಾರದ ಪದರ ಒಂದು ಮೈಕ್ರಾನಿಗಿಂತ ಎಷ್ಟೋ ತೆಳು. ನಾಲ್ಕು ಸಲ ಉಜ್ಜಿದರೆ ಅದು ಹೋಯಿತು. ಕೆಳಗಿನ ಹಿತ್ತಾಳೆ ಉಪ್ಪುಗಾಳಿಗೆ ಬಿದ್ದು ಹಸಿರು ಹಿಡಿಯಿತು. ಬಂಗಾರದ ಗುಣ ನಿಜವೇ, ಅದಕ್ಕೆ ತುಕ್ಕು ಕಿಲುಬು ಇಲ್ಲ. ಆದರೆ ಅದು ಮೆತ್ತಗಿನ ಲೋಹ, ದಿನಾ ಉಜ್ಜಾಡುವ ಜಾಗದಲ್ಲಿ ಸವೆಯುತ್ತದೆ. ಒಮ್ಮೆ ಹಾಕಿ ವರ್ಷಗಟ್ಟಲೆ ಬಿಡುವ ಕಡೆ ಅದಕ್ಕೆ ಹೆಚ್ಚು ಬೆಲೆ.

ಕೂತು ಹೋಲಿಸಿದ್ದು

ಮಾಲೀಕರಿಗೆ ಇಷ್ಟು ಹೇಳಿದರೆ ಸಮಾಧಾನವಾಗಲಿಲ್ಲ. ಒಳ್ಳೆ ಕಂಪನಿಯ ಗೋಲ್ಡ್ ಹಾಕಿದ್ದರೆ ಭಾಗವತರ ಕಂಠ ಇನ್ನೂ ತೆರೆದುಕೊಳ್ಳುತ್ತಿತ್ತೇನೋ ಎಂಬ ಅನುಮಾನ ಉಳಿಯಿತು. ಆಟ ಇಲ್ಲದ ಒಂದು ದಿನ ಕೂತು ಹೋಲಿಸಿಯೇ ಬಿಡೋಣ ಎಂದು ತೀರ್ಮಾನಿಸಿದೆವು. ನನ್ನ ದೃಷ್ಟಿಯಲ್ಲಿ ಈ ಪ್ರಕರಣ ತಿರುಗಿದ್ದು ಅಲ್ಲಿ.

ಒಂದೇ ಸುರುಳಿಯ ಕೇಬಲ್ಲಿನಿಂದ ಸಮ ಉದ್ದದ ತುಂಡು ಕತ್ತರಿಸಿ ಬೇರೆ ಬೇರೆ ಪಿನ್ ಹಾಕಿದೆ. ಹೆಸರಿಲ್ಲದ ಎಕ್ಸ್‌ಎಲ್‌ಆರ್, ಒಳ್ಳೆ ಕಂಪನಿಯ ಬೆಳ್ಳಿ ಲೇಪದ್ದು, ಅದೇ ಕಂಪನಿಯ ಬಂಗಾರ ಲೇಪದ್ದು, ಮತ್ತೆ ಪಿ-38 ಮೋನೋ. ಬೆಸುಗೆ ಎಲ್ಲದಕ್ಕೂ ನಾನೇ ಹಾಕಿದೆ, ಕೈ ಬೇರೆಯಾದರೆ ಹೋಲಿಕೆ ಕೆಡುತ್ತದೆ.

ಮೊದಲು ಅಳತೆ. ಮಾಮೂಲಿ ಮಲ್ಟಿಮೀಟರಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಮೀಟರಿನ ಸ್ವಂತ ವೈರಿನ ರೋಧವೇ ಪಿನ್ನಿನದಕ್ಕಿಂತ ಜಾಸ್ತಿ. ಅದಕ್ಕೆ ಪಿನ್ನಿನ ಮೂಲಕ 1 ಆಂಪಿಯರ್ ಹರಿಸಿ, ಜೋಡಣೆಯ ಎರಡೂ ಬದಿಗೆ ಎಷ್ಟು ಮಿಲಿವೋಲ್ಟ್ ಬೀಳುತ್ತದೆ ಎಂದು ನೋಡಬೇಕು. ಒಂದು ಮಿಲಿವೋಲ್ಟ್ ಎಂದರೆ ಒಂದು ಮಿಲಿಓಮ್. ಹೊಸ ಪಿನ್ನುಗಳೆಲ್ಲ ಕೆಲವೇ ಮಿಲಿಓಮಿನಲ್ಲಿ ನಿಂತವು. ಪಿನ್ನುಗಳ ನಡುವೆ ವ್ಯತ್ಯಾಸ ಇಲ್ಲ ಎಂದಲ್ಲ. ಆದರೆ ಮಿಕ್ಸರಿನ ಮೈಕ್ ಇನ್‌ಪುಟ್ಟಿನ ರೋಧ ಸುಮಾರು 2000 ಓಮ್. 10 ಮಿಲಿಓಮ್ ಅಂದರೆ ಅದರ ಎರಡು ಲಕ್ಷದಲ್ಲಿ ಒಂದು ಪಾಲು. ಅದು ಯಾವ ಕಿವಿಗೂ ಕೇಳಿಸುವ ಮಾತಲ್ಲ. ಪೂರ್ತಿ ಒಂದು ಓಮ್ ಸೇರಿದರೂ ಧ್ವನಿ ಸಣ್ಣದಾದದ್ದು ಗೊತ್ತಾಗುವುದಿಲ್ಲ.

ಆಮೇಲೆ ಒಂದೇ ರೆಕಾರ್ಡಿಂಗನ್ನು ಒಂದೇ ಚಾನೆಲಿನಲ್ಲಿ ಒಂದೊಂದು ವೈರಿನ ಮೂಲಕ ಕಳಿಸಿ ಮತ್ತೆ ರೆಕಾರ್ಡ್ ಮಾಡಿದೆವು. ಕಂಪ್ಯೂಟರಿನಲ್ಲಿ ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ, ಸಮಾನವಾದದ್ದೆಲ್ಲ ಕಳೆದುಹೋಗಿ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಮೂರು ಎಕ್ಸ್‌ಎಲ್‌ಆರ್ ನಡುವೆ ಉಳಿದದ್ದು ಮಿಕ್ಸರಿನ ಸ್ವಂತ ಸುಯ್ ಶಬ್ದ ಮಾತ್ರ. ಮದ್ದಳೆಯವರೊಬ್ಬರು ಬಂದಿದ್ದರು, ಶ್ರುತಿ ಕೂದಲೆಳೆ ತಪ್ಪಿದರೂ ಮುಖ ಹಿಂಡುವ ಮನುಷ್ಯ. ಯಾವ ವೈರು ಎಂದು ಹೇಳದೆ ಕೇಳಿಸಿದೆವು. “ಎಲ್ಲ ಒಂದೇ ಅಲ್ವಾ? ಸುಮ್ನೆ ನಮ್ಮನ್ನು ಆಟ ಆಡಿಸ್ತೀರಾ?” ಎಂದರು.

ಕೆಟ್ಟ ಪಿನ್ ಧ್ವನಿಯನ್ನು ಮಂದ ಮಾಡುವುದಿಲ್ಲ, ಒರಟು ಮಾಡುವುದಿಲ್ಲ. ಅದು ಹಿಡಿಯುತ್ತದೆ, ಬಿಡುತ್ತದೆ. ಆ ಹಿಡಿದು ಬಿಡುವುದೇ ಕರಕರ. “ಗೋಲ್ಡ್ ಹಾಕಿದರೆ ಧ್ವನಿ ಬೆಚ್ಚಗಾಗುತ್ತದೆ” ಎಂದು ಮಾರುವವರ ಮಾತನ್ನು ಮಾಲೀಕರು ಆ ದಿನ ಕೈಬಿಟ್ಟರು.

ಪಿ-38 ಸರದಿ ಬಂದಾಗ ಬೇರೆಯೇ ಆಯಿತು. ಮೇಜಿನ ಮೇಲೆ ಅದೂ ಬಾಕಿಯವುಗಳಷ್ಟೇ ಚೊಕ್ಕಟ. ಲೈಟಿನ ವೈರನ್ನು ಅದರ ಪಕ್ಕಕ್ಕೆ ಎಳೆದು ಡಿಮ್ಮರ್ ತಿರುಗಿಸಿದ ಕೂಡಲೇ ಗುಂಯ್ ಬಂತು. ಮೇಳದಲ್ಲಿ ಮೈಕಿನ ವೈರೂ ಲೈಟಿನ ವೈರೂ ರಂಗಸ್ಥಳದ ಜಮಖಾನೆಯ ಕೆಳಗೆ ಒಟ್ಟಿಗೇ ಓಡುತ್ತವೆ. ಎಕ್ಸ್‌ಎಲ್‌ಆರ್ ವೈರಿಗೆ ಅದೇ ಜಾಗದಲ್ಲಿ ಏನೂ ಆಗಲಿಲ್ಲ. ಮಾಲೀಕರು ತಟ್ಟನೆ “ಹಾಗಾದರೆ ಪಿ-38 ದರಿದ್ರದ್ದು” ಎಂದರು. ಅಲ್ಲ. ಅದೇ ಅಳತೆಯ ಪಿ-38 ಸ್ಟೀರಿಯೋ ಪಿನ್ ತಂದು ಮೂರೂ ವೈರು ಜೋಡಿಸಿ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಕೊಟ್ಟೆ. ಗುಂಯ್ ಹೋಯಿತು. ವ್ಯತ್ಯಾಸ ಪಿನ್ನಿನ ಆಕಾರದ್ದಲ್ಲ, ವೈರುಗಳ ಸಂಖ್ಯೆಯದ್ದು. ಬ್ಯಾಲೆನ್ಸ್ಡ್ ಜೋಡಣೆಯಲ್ಲಿ ಧ್ವನಿ ಎರಡು ವೈರುಗಳಲ್ಲಿ ಒಂದಕ್ಕೊಂದು ತಲೆಕೆಳಗಾಗಿ ಹೋಗುತ್ತದೆ. ಹೊರಗಿನ ಗಲಾಟೆ ಎರಡರ ಮೇಲೂ ಸಮವಾಗಿ ಬೀಳುತ್ತದೆ. ಮಿಕ್ಸರ್ ಎರಡರ ವ್ಯತ್ಯಾಸವನ್ನಷ್ಟೇ ತಗೊಳ್ಳುವುದರಿಂದ ಗಲಾಟೆ ಕಳೆದುಹೋಗುತ್ತದೆ. ಮೋನೋ ಪಿನ್ನಿನಲ್ಲಿ ಒಂದು ಧ್ವನಿಯ ವೈರು ಅರ್ತಿಂಗಿಗೆ ಸೇರಿಬಿಡುತ್ತದೆ, ಆ ಅನುಕೂಲ ಅಲ್ಲಿಗೆ ಮುಗಿಯಿತು. ವರ್ಷಗಳಿಂದ ಕೇಳಿದ ಗುಂಯ್‌ಗೆ ಕಾರಣ ಹಳೆ ಆಂಪ್ಲಿಫೈಯರಿನ ಕಾಲದ ಆ ಮೋನೋ ತುದಿ.

ಬಾಕ್ಸಿನ ಕಡೆ

ಮೂರನೆಯ ತೊಂದರೆಗೆ ಇಷ್ಟು ಹುಡುಕಾಟ ಬೇಕಾಗಲಿಲ್ಲ. ಆಂಪ್ಲಿಫೈಯರಿನಿಂದ ಬಾಕ್ಸಿಗೆ ಹೋಗುವ ವೈರಿಗೂ ಪಿ-38 ಹಾಕಿದ್ದರು. ಈ ಜ್ಯಾಕು ಹುಟ್ಟಿದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿಗೆ. ದಿನಾ ಸಾವಿರ ಸಲ ಹಾಕಿ ತೆಗೆಯಲು ಚೆನ್ನ, ಜಾಸ್ತಿ ಕರೆಂಟ್ ಹೊರಲು ಅಲ್ಲ. ಅದಕ್ಕೆ ಬೀಗ ಇಲ್ಲ. ಬಾಕ್ಸಿನ ಅದುರಿಗೆ ನಿಧಾನಕ್ಕೆ ಹೊರಬರುತ್ತದೆ. ಅರ್ಧ ಬಂದಾಗ ತುದಿಯೂ ಮೈಯೂ ಒಳಗೆ ಒಂದಕ್ಕೊಂದು ತಾಗಿ ಶಾರ್ಟ್ ಆಗಬಹುದು. ಬಾಕ್ಸುಗಳು ಮೌನವಾದದ್ದು ಆಂಪ್ಲಿಫೈಯರ್ ತನ್ನನ್ನು ತಾನು ಕಾಪಾಡಿಕೊಂಡದ್ದರಿಂದ. ಪುಣ್ಯಕ್ಕೆ ಸುಡಲಿಲ್ಲ.

ಇಲ್ಲಿ ಸ್ಪೀಕಾನ್ ಹಾಕುವುದು ಬಿಟ್ಟು ಬೇರೆ ಯೋಚನೆ ಬೇಡ ಎಂದೆ. ನ್ಯೂಟ್ರಿಕ್ ಕಂಪನಿ 1987ರಲ್ಲಿ ತಂದ ಪಿನ್ ಅದು. ತಿರುಗಿಸಿದರೆ ಬೀಗ ಬೀಳುತ್ತದೆ, ಬೆರಳಿಗೆ ತಾಗುವಂತೆ ಲೋಹ ಹೊರಗಿಲ್ಲ, 30 ಆಂಪಿಯರ್ ಆರಾಮಾಗಿ ಹೊರುತ್ತದೆ. ಆದರೆ ಮಾಲೀಕರು ಹಳೆ ತೆಳು ವೈರಿಗೇ ಸ್ಪೀಕಾನ್ ಹಾಕಲು ಹೊರಟಿದ್ದರು. ಅದನ್ನು ತಡೆದೆ. 1.5 ಚದರ ಮಿಲಿಮೀಟರ್ ವೈರು 20 ಮೀಟರ್ ಓಡಿದರೆ ಹೋಗಿ ಬರುವ ದಾರಿ 40 ಮೀಟರ್, ರೋಧ ಅರ್ಧ ಓಮಿನಷ್ಟು. 4 ಓಮಿನ ಬಾಕ್ಸಿಗೆ ಅಲ್ಲಿಯೇ ಸುಮಾರು 1 ಡೆಸಿಬಲ್ ಹೋಯಿತು. ಈ ಸೆಟ್ಟಿನಲ್ಲಿ ಧ್ವನಿ ನಿಜವಾಗಿ ಸೋರುತ್ತಿದ್ದ ಜಾಗ ಅದೊಂದೇ, ಅದೂ ಪಿನ್ನಿನಲ್ಲಲ್ಲ. 2.5 ಚದರ ಮಿಲಿಮೀಟರಿನ ವೈರು ತಂದರು. ಸ್ಕ್ರೂ ಹಿಡಿತದ ಪಿನ್ನಾದ್ದರಿಂದ ತುದಿಗೆ ಸೀಸ ಹಚ್ಚಬೇಡಿ ಎಂದು ಹುಡುಗರಿಗೆ ಹೇಳಿದೆ. ಸೀಸ ಮೆತ್ತಗೆ, ಒತ್ತಿದಂತೆ ಜಾರಿ ಸ್ಕ್ರೂ ಸಡಿಲಾಗುತ್ತದೆ.

ದುಡ್ಡು ಎಲ್ಲಿಗೆ

ತಿರುಗಾಟದ ನಡುವೆ ಎಲ್ಲವನ್ನೂ ಬದಲಿಸುವಷ್ಟು ದುಡ್ಡು ಇರಲಿಲ್ಲ. ಒಳ್ಳೆ ಕಂಪನಿಯ ಪಿನ್ ಹೆಸರಿಲ್ಲದ್ದಕ್ಕಿಂತ ಹಲವು ಪಟ್ಟು ದುಬಾರಿ. ಮೊದಲು ಬಾಕ್ಸಿನ ವೈರು, ಆಮೇಲೆ ಹಿಮ್ಮೇಳದ ಮೈಕುಗಳು, ಕೊನೆಗೆ ರಂಗಸ್ಥಳದ ಎದುರಿನ ಮೈಕುಗಳು ಎಂದು ಸಾಲು ಹಾಕಿದೆವು. ಹಿಮ್ಮೇಳಕ್ಕೆ ಎರಡೂ ತುದಿಗೆ ಎಕ್ಸ್‌ಎಲ್‌ಆರ್. ಲೇಪ ಯಾವುದಾದರೂ ಸರಿ, ವೈರನ್ನು ಸುತ್ತಲೂ ಅಪ್ಪಿ ಹಿಡಿಯುವ ಪ್ಲಾಸ್ಟಿಕ್ ಹಿಡಿತ ಇರಲೇಬೇಕು, ಬಿಸಿಗೆ ಕರಗದ ಒಳಭಾಗ ಇರಬೇಕು ಎಂದು ಕೇಳಿ ತರಿಸಿದೆವು. ಬೆಳ್ಳಿ ಲೇಪದ್ದು ತಂದರು. ಬೆಳ್ಳಿ ಕಪ್ಪಾಗುತ್ತದೆ, ನೋಡಲು ಚಂದ ಇರುವುದಿಲ್ಲ. ಆದರೆ ದಿನಾ ಹಾಕಿ ತೆಗೆಯುವಾಗ ಆ ಕಪ್ಪು ತಾನೇ ಉಜ್ಜಿಹೋಗುತ್ತದೆ.

ಕನ್ವರ್ಟರುಗಳನ್ನೆಲ್ಲ ಕಿತ್ತು ಒಂದು ಡಬ್ಬಿಗೆ ಹಾಕಿಸಿದೆ. ಸ್ಯಾಂಡ್ ಪೇಪರ್ ಬದಲು ಕಡ್ಡಿ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಬಾಟ್ಲಿ ಕೊಟ್ಟೆ.

ಹೊಸ ವೈರು ಹಾಕಿದ ಮೇಲೆ

ಗುಂಯ್ ಮೊದಲ ರಾತ್ರಿಯೇ ಹೋಯಿತು. ಅದರ ಬದಲು ಒಂದು ಹೊಸ ದೂರು ಬಂತು: ಭಾಗವತರು ಒಬ್ಬರೇ ಹಾಡಿದರೆ ಧ್ವನಿ ತುಂಬಿಕೊಂಡಿರುತ್ತದೆ, ಮದ್ದಳೆಯ ಮೈಕು ತೆರೆದ ಕೂಡಲೇ ತೆಳ್ಳಗಾಗುತ್ತದೆ. ಪಿನ್ ಬೆಳ್ಳಿಯದ್ದಾದ್ದರಿಂದ ಹೀಗೆ ಎಂದು ಹುಡುಗರಲ್ಲಿ ಒಬ್ಬ ಆಗಲೇ ತೀರ್ಪು ಕೊಟ್ಟಿದ್ದ.

ಮದ್ದಳೆಯ ವೈರಿನಲ್ಲಿ ಎರಡು ಮತ್ತು ಮೂರನೆಯ ಕಡ್ಡಿ ಅದಲುಬದಲಾಗಿತ್ತು. ಎರಡನೆಯ ಕಡ್ಡಿ ಹಾಟ್, ಅಂದರೆ ಧ್ವನಿ ನೇರವಾಗಿ ಹೋಗುವ ಕಡ್ಡಿ, ಎನ್ನುವುದು ಈಗ ಎಲ್ಲರೂ ಒಪ್ಪಿದ ಕ್ರಮ. ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ 1992ರ ಎಇಎಸ್-14 ಮಾನದಂಡದಲ್ಲಿಯೂ ಹಾಗೇ ಇದೆ. ಆದರೆ ಎಕ್ಸ್‌ಎಲ್‌ಆರಿನ ಗಂಡು ಪಿನ್ನನ್ನು ಎದುರಿನಿಂದ ನೋಡಿದ ಕ್ರಮ ಹೆಣ್ಣು ಪಿನ್ನಿನಲ್ಲಿ ಕನ್ನಡಿಯಂತೆ ತಿರುಗಿರುತ್ತದೆ. ಹುಡುಗರು ಒಂದನ್ನು ನೋಡಿಕೊಂಡು ಇನ್ನೊಂದಕ್ಕೆ ಬೆಸುಗೆ ಹಾಕಿದ್ದರು. ಕಡ್ಡಿಯ ಪಕ್ಕ ಸಣ್ಣದಾಗಿ ಅಂಕಿ ಇರುತ್ತದೆ, ಅದನ್ನೇ ನೋಡಬೇಕು. ಒಂದೇ ಮೈಕಿನಲ್ಲಿ ಈ ತಪ್ಪು ಗೊತ್ತೇ ಆಗುವುದಿಲ್ಲ. ಅಕ್ಕಪಕ್ಕದ ಎರಡು ಮೈಕು ಒಂದೇ ಧ್ವನಿ ಹಿಡಿದಾಗ ಒಂದು ಇನ್ನೊಂದನ್ನು ಅಳಿಸುತ್ತದೆ. ಒಂದು ಚಿಕ್ಕ ಕೇಬಲ್ ಟೆಸ್ಟರ್ ತರಿಸಿದ ಮೇಲೆ ಇದು ಮರುಕಳಿಸಲಿಲ್ಲ. ಇಡೀ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸಾಮಾನು ಆ ಟೆಸ್ಟರ್ ಎಂದು ನಾನು ಹೇಳುತ್ತೇನೆ.

ನಾನು ಎಣಿಸದೇ ಇದ್ದ ತೊಂದರೆ ರಂಗಸ್ಥಳದ ಎದುರು ಬಂತು. ಅಲ್ಲಿ ವೇಷಧಾರಿಗಳು ಕುಣಿಯುತ್ತಾ ವೈರು ಮೆಟ್ಟುತ್ತಾರೆ, ಕಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮಿಕ್ಸರಿನ ಕಡೆ ಪಿ-38 ಇದ್ದಾಗ ಎಳೆದರೆ ಅದು ಕಳಚಿ ಬರುತ್ತಿತ್ತು. ಮೈಕು ಸುಮ್ಮನಾಗುತ್ತಿತ್ತು, ಅಷ್ಟೇ. ಎಕ್ಸ್‌ಎಲ್‌ಆರಿಗೆ ಎರಡೂ ಕಡೆ ಬೀಗ. ಬಣ್ಣದ ವೇಷವೊಂದರ ಪ್ರವೇಶದ ಅಬ್ಬರಕ್ಕೆ ವೈರು ಎಳೆದು ಸ್ಟ್ಯಾಂಡೇ ಮಗುಚಿತು. ಬೀಗದ ನಾಲಿಗೆ ಕಿತ್ತುಹಾಕೋಣ ಎಂದರು ಮಾಲೀಕರು, ಹಾಗೆ ಮಾಡುವವರೂ ಇದ್ದಾರೆ. ನನಗೆ ಒಪ್ಪಿಗೆಯಾಗಲಿಲ್ಲ, ಅದು ಮತ್ತೆ ಕರಕರಕ್ಕೆ ಬಾಗಿಲು. ವೈರನ್ನು ಸ್ಟ್ಯಾಂಡಿನ ಬುಡಕ್ಕೆ ಒಂದು ಸುತ್ತು ಸಡಿಲ ಬಿಟ್ಟು ಕಟ್ಟುವುದು, ಅಲ್ಲಿಂದ ಅಂಚಿಗೆ ಅಡ್ಡಕ್ಕೆ ಒಯ್ದು ಟೇಪು ಹಚ್ಚುವುದು ಎಂದಾಯಿತು. ಬುಡದಲ್ಲಿ ಎಳೆದರೆ ಸ್ಟ್ಯಾಂಡು ಜರುಗುತ್ತದೆ, ಮಗುಚುವುದು ಕಡಿಮೆ.

ಆ ತಿರುಗಾಟದ ಉಳಿದ ಭಾಗದಲ್ಲಿ ಭಾಗವತರ ಮೈಕು ಒಮ್ಮೆ ಕೈಕೊಟ್ಟಿತು. ಒಳ್ಳೆ ಕಂಪನಿಯ ಪಿನ್ನೇ. ಟೆಂಪೋದ ಚಕ್ರ ಹತ್ತಿ ಹೊರಗಿನ ಲೋಹದ ಕವಚ ಮೊಟ್ಟೆಯಾಕಾರಕ್ಕೆ ಬಂದಿತ್ತು. ಅದಕ್ಕೆ ಯಾವ ಲೇಪವೂ ಔಷಧವಲ್ಲ. ಎದುರಿನ ಮೈಕುಗಳಲ್ಲಿ ಹಳೆ ವೈರು ಇದ್ದಲ್ಲಿ ಕರಕರ ಮುಂದುವರಿಯಿತು, ಬದಲಿಸಿದಲ್ಲಿ ನಿಂತಿತು.

ಬೇರೆಯವರು ಇದರಿಂದ ತಗೊಳ್ಳಬಹುದಾದದ್ದು

ಇಂಥ ಕೆಲಸಕ್ಕೆ ಕೂತಾಗ ನಾನು ಈಗ ಮೊದಲು ಕೇಳುವುದು ಶಬ್ದದ ಬಗೆ. ಗುಂಯ್ ಇದ್ದರೆ ವೈರಿಂಗ್ ನೋಡಬೇಕು, ಮೋನೋ ತುದಿ ಹುಡುಕಬೇಕು. ಕರಕರ ಇದ್ದರೆ ಪಿನ್ನಿನ ಹಿಂಭಾಗ ಬಿಚ್ಚಬೇಕು. ಪೂರ್ತಿ ಮೌನವಾದರೆ ಬಾಕ್ಸಿನ ಕಡೆ ಹೋಗಬೇಕು. ಪಿನ್ ಕೊಳ್ಳುವಾಗ ಎದುರಿನ ಹೊಳಪಿಗಿಂತ ಹಿಂದಿನ ಹಿಡಿತ ನೋಡಿ. ಅಂಗಡಿಯಲ್ಲೇ ಬಿಚ್ಚಿ ನೋಡಲು ಬಿಡದಿದ್ದರೆ ಅದನ್ನು ಕೊಳ್ಳಬೇಡಿ. ಮನೆಯಲ್ಲಿ ಒಂದು ಸಲ ಹಾಕಿ ಬಿಡುವ ಸೆಟ್ಟಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಎಳೆತ ಇಲ್ಲ, ವೈರೂ ಗಿಡ್ಡ. ಮಾಮೂಲಿ ಆರ್‌ಸಿಎ ಪಿನ್ನೂ (ಟಿವಿ, ಡಿವಿಡಿ ಪ್ಲೇಯರಿಗೆ ಹಾಕುವಂಥದ್ದು) ವರ್ಷಗಟ್ಟಲೆ ಬಾಳುತ್ತದೆ, ಕರಾವಳಿಯಲ್ಲಿದ್ದರೆ ಬಂಗಾರದ ಲೇಪಕ್ಕೆ ಕೊಟ್ಟ ದುಡ್ಡೂ ವ್ಯರ್ಥವಲ್ಲ.

ಪತ್ತನಾಜೆ ಕಳೆದ ಮೇಲೆ ಆ ವೈರುಗಳೆಲ್ಲ ಈಗ ಒಟ್ಟಿಗೆ ಬಿಚ್ಚಿಸಿಕೊಳ್ಳುತ್ತವೆ. ಹಸಿರು ಹಿಡಿದ ತುದಿ ಕತ್ತರಿಸಿ ಹೊಸ ಬೆಸುಗೆ ಹಾಕುತ್ತಾರೆ, ಪಿನ್ ಹೆಚ್ಚಾಗಿ ಅದೇ ಉಳಿಯುತ್ತದೆ. ಮಿಕ್ಸರಿನ ತೂತುಗಳ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅವೂ ದಿನಾ ಸವೆಯುತ್ತವೆ, ಬದಲಿಸಲು ಇಡೀ ಬೋರ್ಡು ಬಿಚ್ಚಬೇಕು. ಮೈಕಿನ ವೈರುಗಳನ್ನೆಲ್ಲ ಸಿಗಿಸುವ ಒಂದು ಸ್ಟೇಜ್ ಬಾಕ್ಸ್ ಮಾಡಿ, ಅದರಿಂದ ಹೊರಡುವ ಮಲ್ಟಿಕೋರನ್ನು (ಹಲವು ವೈರು ಒಟ್ಟಿಗಿರುವ ದಪ್ಪ ಕೇಬಲ್) ಮಿಕ್ಸರಿಗೆ ಕಾಯಂ ಸಿಗಿಸಿಟ್ಟರೆ ಸವೆತ ಎಲ್ಲ ಅಗ್ಗದ ಬಾಕ್ಸಿನ ಮೇಲೆ ಬೀಳುತ್ತದೆ ಎಂದು ಹೇಳಿದ್ದೇನೆ. ಟೆಂಪೋದಲ್ಲಿ ಜಾಗ ಇಲ್ಲ ಎನ್ನುತ್ತಾರೆ ಮಾಲೀಕರು.